‘ಅರ್ಧ ವಿಭಾಗ’ದವರ ಆಕಾಶ

2013ರಲ್ಲಿ ಪುಣೆಯ ಒಂದು ಮಲ್ಟಿಪ್ಲೆಕ್ಸಿನಲ್ಲಿ ‘ಗ್ರ್ಯಾವಿಟಿ’ ಸಿನಿಮಾ ನೋಡಿ ಹೊರಬಂದ ರಾತ್ರಿ, ಪಾರ್ಕಿಂಗಿನಲ್ಲಿ ನಿಂತು ಧಾರವಾಡದ ಗೆಳೆಯನೊಬ್ಬನ ಜೊತೆ ಅರ್ಧ ಗಂಟೆ ವಾದ ಮಾಡಿದ್ದೆ. ಹಬಲ್ ದೂರದರ್ಶಕದ ಕಕ್ಷೆಯ ಓರೆ 28.5 ಡಿಗ್ರಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ್ದು 51.6 ಡಿಗ್ರಿ. ಎತ್ತರವೂ ಬೇರೆ. ಒಂದರಿಂದ ಇನ್ನೊಂದಕ್ಕೆ ಬೆನ್ನಿಗೆ ಕಟ್ಟಿಕೊಂಡ ಜೆಟ್‌ಪ್ಯಾಕಿನಲ್ಲಿ ತೇಲಿಕೊಂಡು ಹೋಗುವುದು ಹೇಗೆ ಸಾಧ್ಯ ಎಂಬುದು ನನ್ನ ತಕರಾರು. ‘ನೀ ಸಿನಿಮಾ ನೋಡಾಕ ಬಂದಿಯೋ, ಪೇಪರ್ ತಿದ್ದಾಕ ಬಂದಿಯೋ?’ ಎಂದು ಅವನು ನಕ್ಕಿದ್ದ.

ಅವನು ಹೇಳಿದ್ದು ಸರಿ. ಆ ಸಿನಿಮಾದ ನಿಜವಾದ ಕೊರತೆ ಭೌತಶಾಸ್ತ್ರದ್ದಲ್ಲ. ಅದು ಏನೆಂದು ನನಗೆ ತಿಳಿದದ್ದು ಈಚೆಗೆ, ‘ಪ್ಲಾನೆಟೀಸ್’ ಎಂಬ ಹಳೆಯ ಜಪಾನೀ ಅನಿಮೆ ಸರಣಿ ನೋಡಿದಾಗ.

‘ಗ್ರ್ಯಾವಿಟಿ’ಯಲ್ಲಿ ಬಾಹ್ಯಾಕಾಶದ ಕಸ ಎಂದರೆ ಬಿರುಗಾಳಿ. ರಷ್ಯಾ ತನ್ನದೇ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಹೊಡೆಯುತ್ತದೆ, ಚೂರುಗಳು ಉಳಿದ ಉಪಗ್ರಹಗಳಿಗೆ ಬಡಿಯುತ್ತವೆ, ಅವುಗಳ ಚೂರು ಮತ್ತಷ್ಟಕ್ಕೆ. ತೊಂಬತ್ತು ನಿಮಿಷಕ್ಕೊಮ್ಮೆ ಆ ಹಿಂಡು ತಿರುಗಿ ಬರುತ್ತದೆ. ನಿರ್ದೇಶಕ ಆಲ್ಫೊನ್ಸೊ ಕ್ವಾರೋನ್ ಇದನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾರೆಂದರೆ ಏಳು ಆಸ್ಕರ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಕತೆ ಪೂರ್ತಿ ಸುಳ್ಳೂ ಅಲ್ಲ. 2021ರ ನವೆಂಬರ್ 15ರಂದು ರಷ್ಯಾ ನಿಜವಾಗಿಯೂ ತನ್ನ ‘ಕಾಸ್ಮಾಸ್-1408’ ಉಪಗ್ರಹವನ್ನು ಒಡೆಯಿತು. ರೇಡಾರಿಗೆ ಸಿಗುವಂಥ ಚೂರುಗಳೇ 1,500ಕ್ಕೂ ಹೆಚ್ಚು. ನಿಲ್ದಾಣದಲ್ಲಿದ್ದ ಏಳು ಜನ ತಮ್ಮ ನೌಕೆಗಳೊಳಗೆ ಹೋಗಿ ಕೂರಬೇಕಾಯಿತು. ಅವರಲ್ಲಿ ಇಬ್ಬರು ರಷ್ಯಾದವರೇ.

ಆದರೆ ಬಿರುಗಾಳಿಗೆ ಒಡೆಯನಿರುವುದಿಲ್ಲ. ಕ್ಷಿಪಣಿ ಹಾರಿಸಿದವರ ಬಗ್ಗೆ ಸಿನಿಮಾದಲ್ಲಿ ರೇಡಿಯೋದಲ್ಲಿ ಬರುವ ಒಂದೆರಡು ಮಾತು ಬಿಟ್ಟರೆ ಏನೂ ಇಲ್ಲ. ನಾಯಕಿ ಪಾರಾದರೆ ಕತೆ ಮುಗಿಯಿತು. ಮೇಲೆ ಉಳಿದ ಚೂರುಗಳನ್ನು ಯಾರು ಗುಡಿಸಬೇಕು ಎಂಬ ಪ್ರಶ್ನೆ ಯಾರಿಗೂ ಬರುವುದಿಲ್ಲ. ನೋಡಿದ ನನಗೂ ಬರಲಿಲ್ಲ.

ನಿಜದಲ್ಲಿ ಕಸ ಹೆಚ್ಚುವುದು ಕ್ಷಿಪಣಿಗಳಿಂದ ಮಾತ್ರವಲ್ಲ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ, ಕೆಲಸ ಮಾಡುತ್ತಿದ್ದ ಅಮೆರಿಕದ ‘ಇರಿಡಿಯಂ-33’ಕ್ಕೆ ಎಂದೋ ಸತ್ತಿದ್ದ ರಷ್ಯಾದ ‘ಕಾಸ್ಮಾಸ್-2251’ ಢಿಕ್ಕಿ ಹೊಡೆಯಿತು. ಅಲ್ಲಿ ಖಳನಾಯಕ ಇರಲಿಲ್ಲ. ಕೆಲಸ ಮುಗಿದ ಮೇಲೆ ಇಳಿಸದೆ ಬಿಟ್ಟ ಒಂದು ಯಂತ್ರ ಇತ್ತು, ಅಷ್ಟೆ. ಆ ಎತ್ತರದಲ್ಲಿ ಗಾಳಿಯ ತಡೆ ಎಷ್ಟು ಕಡಿಮೆಯೆಂದರೆ ಕೆಲವು ಚೂರು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಸುತ್ತುತ್ತಿರುತ್ತವೆ. ಹೀಗೆ ಒಂದು ಢಿಕ್ಕಿ ಇನ್ನೊಂದನ್ನು ಹುಟ್ಟಿಸುತ್ತ ಹೋಗಬಹುದು ಎಂದು ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೇ 1978ರಲ್ಲೇ ಲೆಕ್ಕ ಹಾಕಿ ಬರೆದಿದ್ದರು.

‘ಪ್ಲಾನೆಟೀಸ್’ ಶುರುವಾಗುವುದೇ ಗುಡಿಸುವವರಿಂದ. ಮಕೋತೊ ಯುಕಿಮುರಾ 1999ರಿಂದ 2004ರವರೆಗೆ ಬರೆದ ಮಾಂಗಾ ಇದು. ಗೊರೋ ತನಿಗುಚಿ ನಿರ್ದೇಶನದಲ್ಲಿ 2003-04ರಲ್ಲಿ 26 ಕಂತುಗಳ ಅನಿಮೆಯಾಗಿ ಬಂತು. ಕಾಲ 2075. ಟೆಕ್ನೋರಾ ಎಂಬ ದೊಡ್ಡ ಕಂಪನಿಯಲ್ಲಿ ಕಸ ಹೆಕ್ಕುವ ಒಂದು ವಿಭಾಗ. ಜನವೂ ಅರ್ಧ, ದುಡ್ಡೂ ಅರ್ಧ, ಮರ್ಯಾದೆಯೂ ಅರ್ಧ. ಅದಕ್ಕೇ ಉಳಿದವರು ಅದನ್ನು ‘ಅರ್ಧ ವಿಭಾಗ’ ಎಂದು ಗೇಲಿ ಮಾಡುತ್ತಾರೆ. ಹೊಸದಾಗಿ ಸೇರಿದ ಐ ತನಾಬೆ ಎಂಬ ಹುಡುಗಿ, ಸ್ವಂತ ನೌಕೆ ಕೊಳ್ಳುವ ಕನಸಿನ ಹಚಿಮಾಕಿ, ಸಿಗರೇಟಿಗಾಗಿ ಜೀವ ಬಿಡುವ ನೌಕೆಯ ಕ್ಯಾಪ್ಟನ್ ಫೀ, ಮಾತು ಕಡಿಮೆಯ ಯೂರಿ. ಕಂಪನಿಗೆ ಇವರಿಂದ ಲಾಭವಿಲ್ಲ, ಇವರಿಲ್ಲದೆ ಯಾವ ನೌಕೆಯೂ ನಿಶ್ಚಿಂತೆಯಿಂದ ಹಾರುವಂತಿಲ್ಲ.

ಇಪ್ಪತ್ತು ವರ್ಷ ಐಟಿಯಲ್ಲಿ ಕಳೆದವರಿಗೆ ಈ ವಿಭಾಗದ ಪರಿಚಯ ಮಾಡಿಕೊಡಬೇಕಿಲ್ಲ. ಹೊಸ ಪ್ರಾಡಕ್ಟ್ ಮಾಡುವ ತಂಡಕ್ಕೆ ಕೇಕು, ಹಳೆಯ ಸಿಸ್ಟಮ್ ಸಾಯದಂತೆ ಕಾಯುವ ತಂಡಕ್ಕೆ ರಾತ್ರಿ ಎರಡರ ಫೋನು.

ಸರಣಿಯ ಅತ್ಯುತ್ತಮ ಭಾಗ ಯೂರಿಯದು. ವರ್ಷಗಳ ಹಿಂದೆ ಅವನೂ ಅವನ ಹೆಂಡತಿಯೂ ಪ್ರಯಾಣಿಸುತ್ತಿದ್ದ ನೌಕೆಗೆ ಕಸದ ತುಣುಕೊಂದು ಬಡಿದು ಅವಳು ಹೋದಳು. ತುಣುಕು ಎಂದರೆ ಒಂದು ಸ್ಕ್ರೂ. ಅವನು ಈ ಕೆಲಸಕ್ಕೆ ಸೇರಿದ್ದು ಅವಳ ಬಳಿ ಇದ್ದ ಒಂದು ದಿಕ್ಸೂಚಿ ಎಲ್ಲಾದರೂ ತೇಲುತ್ತಿದ್ದೀತು ಎಂದು ಹುಡುಕಲು. ಕೆಳಕಕ್ಷೆಯಲ್ಲಿ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಹೋಗುವ ಸ್ಕ್ರೂ ಏನು ಮಾಡಬಲ್ಲದು ಎಂಬುದನ್ನು ಸ್ಲೈಡಿನಲ್ಲಿ ಹತ್ತಾರು ಸಲ ಓದಿದ್ದೇನೆ. ಯಾರೋ ಸರಿಯಾಗಿ ಬಿಗಿಯದ ಅಥವಾ ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಸ್ಕ್ರೂ ಒಂದು ಸಂಸಾರ ಮುರಿಯಿತು ಎಂದು ನನಗೆ ನಾಟಿಸಿದ್ದು ಈ ಕಂತು. ಸ್ಕ್ರೂ ಯಾರದು ಎಂದು ಕತೆ ಹೇಳುವುದಿಲ್ಲ. ಆದರೆ ‘ಗ್ರ್ಯಾವಿಟಿ’ಯ ಹಾಗೆ ಮರೆಸುವುದೂ ಇಲ್ಲ. ‘ಯಾರದು’ ಎಂಬ ಪ್ರಶ್ನೆ ಯೂರಿಯ ಮೌನದಲ್ಲಿ ಕೂತೇ ಇರುತ್ತದೆ.

ಇಲ್ಲಿ ನನ್ನದೇ ಒಂದು ಸ್ಕ್ರೂವಿನ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಪ್ರಾಜೆಕ್ಟಿನ ಪ್ಲಾನ್ ನನ್ನ ಕೈಯಲ್ಲಿತ್ತು. ಕೊನೆಯ ಸಾಲು, ಹಳೆಯ ಸರ್ವರುಗಳನ್ನು ಕ್ರಮವಾಗಿ ಮುಚ್ಚುವ ಕೆಲಸ, ಆರು ವಾರ, ಮೂರು ಜನ. ಬಜೆಟ್ ಮೀರಿತು. ನಾನು ಆ ಸಾಲು ತೆಗೆದೆ. ಯಾರೂ ತೆಗೆಯಲು ಹೇಳಿರಲಿಲ್ಲ. ತೆಗೆದಾಗ ಯಾರೂ ಕೇಳಲೂ ಇಲ್ಲ. ನಾನು ಬೇರೆ ಪ್ರಾಜೆಕ್ಟಿಗೆ ಹೋದೆ. ಎರಡು ವರ್ಷದ ಮೇಲೆ, ಎಲ್ಲರೂ ಮರೆತಿದ್ದ ಆ ಸರ್ವರುಗಳಲ್ಲೊಂದು ಕೆಟ್ಟು ನಾಲ್ಕು ದಿನ ಬಿಲ್ಲಿಂಗ್ ನಿಂತಾಗ, ರಾತ್ರಿ ಹಗಲು ಕೂತು ಸರಿಮಾಡಿದವರು ಆ ಸರ್ವರ್ ಹಾಕಿದಾಗ ಕಾಲೇಜಿನಲ್ಲಿದ್ದ ಹುಡುಗರು.

ಬಾಹ್ಯಾಕಾಶದಲ್ಲೂ ಲೆಕ್ಕ ಇದೇ. ಅಮೆರಿಕದ ಡಿಶ್ ಕಂಪನಿ 2002ರಲ್ಲಿ ಹಾರಿಸಿದ ‘ಎಕೋಸ್ಟಾರ್-7’ ಅನ್ನು ಕೊನೆಗೆ ಭೂಸ್ಥಿರ ಕಕ್ಷೆಗಿಂತ 300 ಕಿಲೋಮೀಟರ್ ಮೇಲಕ್ಕೆ ಸಾಗಿಸುತ್ತೇವೆಂದು ಬರೆದುಕೊಟ್ಟಿತ್ತು. ಆ ಹೊತ್ತು ಬಂದಾಗ ಇಂಧನ ಸಾಲದೆ ಏರಿದ್ದು 122 ಕಿಲೋಮೀಟರ್. 2023ರ ಅಕ್ಟೋಬರಿನಲ್ಲಿ ಅಲ್ಲಿನ ಸಂಪರ್ಕ ಆಯೋಗ 1,50,000 ಡಾಲರ್ ದಂಡ ಹಾಕಿತು. ಬಾಹ್ಯಾಕಾಶ ಕಸಕ್ಕಾಗಿ ಅದು ಹಾಕಿದ ಮೊದಲ ದಂಡ. ಅಂಥ ಕಂಪನಿಗೆ ಅದು ಎಷ್ಟರ ಮೊತ್ತ ಎಂದು ಓದುಗರೇ ಊಹಿಸಲಿ. ಹೋಗಲಿ, ಬೇರೆಯವರು ಗುಡಿಸಬಹುದೇ ಎಂದರೆ ಅದಕ್ಕೂ ತೊಡಕಿದೆ. 1967ರ ಬಾಹ್ಯಾಕಾಶ ಒಪ್ಪಂದದಂತೆ ಸತ್ತ ಉಪಗ್ರಹವೂ ನೋಂದಾಯಿಸಿದ ದೇಶದ ಹತೋಟಿಯಲ್ಲೇ ಇರುತ್ತದೆ. ಆ ದೇಶ ಒಪ್ಪದೆ ಮುಟ್ಟುವಂತಿಲ್ಲ. ಎತ್ತುವ ಹೊಣೆ ಯಾರ ಮೇಲೂ ಗಟ್ಟಿಯಾಗಿ ಕೂರುವುದಿಲ್ಲ, ಒಡೆತನ ಮಾತ್ರ ಬಿಡುವುದಿಲ್ಲ.

‘ಪ್ಲಾನೆಟೀಸ್’ನಲ್ಲಿ ದೋಷಗಳಿಲ್ಲವೆಂದಲ್ಲ. ಮೊದಲ ಕಂತುಗಳ ಆಫೀಸು ಹಾಸ್ಯ ಅಗ್ಗದ್ದು. ತನಾಬೆಗೆ ಬರೆದ ಉಪದೇಶದ ಮಾತುಗಳು ಕಿವಿಗೆ ಹೆಚ್ಚಾಗುತ್ತವೆ. ಎಲ್ಲಕ್ಕಿಂತ ದೊಡ್ಡ ತಕರಾರು ಎಂದರೆ, ದ್ವಿತೀಯಾರ್ಧದಲ್ಲಿ ಕತೆ ಗುರುಗ್ರಹದ ಯಾತ್ರೆಯ ಹಿಂದೆ ಹೊರಟುಬಿಡುತ್ತದೆ. ಹಚಿಮಾಕಿಗೆ ಕಸ ಹೆಕ್ಕುವುದು ಸಾಲದು, ದೂರ ಹೋಗಬೇಕು. ಅವನ ತಳಮಳ ನಿಜವೇ. ಆದರೆ ಗುಡಿಸುವ ಕೆಲಸದ ಘನತೆಯನ್ನು ಅಷ್ಟು ಪ್ರೀತಿಯಿಂದ ಕಟ್ಟಿದ ಕತೆಯೇ ನಾಯಕನನ್ನು ದೊಡ್ಡವನಾಗಿಸಲು ಅವನನ್ನು ಆ ಕೆಲಸದಿಂದ ಬಿಡಿಸುತ್ತದೆ. ಪೊರಕೆ ಹಿಡಿದವನ ಬಗ್ಗೆ ಬರೆಯುವ ನಮ್ಮ ಬಹಳಷ್ಟು ಕತೆಗಳೂ ಇದನ್ನೇ ಮಾಡುತ್ತವೆ: ಪೊರಕೆ ಬಿಟ್ಟ ಮೇಲೆಯೇ ಅವನು ನಾಯಕ.

ಸುದ್ದಿಯಲ್ಲೂ ಹಾಗೇ. 2019ರ ಮಾರ್ಚ್ 27ರಂದು ಭಾರತ ಕ್ಷಿಪಣಿಯಿಂದ ತನ್ನದೇ ಉಪಗ್ರಹ ಒಡೆದಾಗ ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ದಿನವಿಡೀ ಪಟಾಕಿ ಚಿತ್ರ. ನಾನೂ ಒಂದು ಕಳಿಸಿದ್ದೆ. ಆ ಎತ್ತರ ಕಡಿಮೆಯಾದ್ದರಿಂದ ಬಹುಪಾಲು ಚೂರು ಬೇಗ ಉರಿದುಹೋದವು ನಿಜ. ಆದರೆ ಕೆಲವು ಮೇಲಕ್ಕೆ ಚಿಮ್ಮಿ, ಮೊದಲು ಹೇಳಿದ ಕೆಲವೇ ವಾರಗಳಿಗಿಂತ ಬಹಳ ಹೆಚ್ಚು ಕಾಲ ಸುತ್ತಿದವು. 2023ರ ಮಾರ್ಚ್ 7ರಂದು ಇಸ್ರೋ ‘ಮೇಘಾ-ಟ್ರಾಪಿಕ್ಸ್-1’ ಅನ್ನು ಬೇಕೆಂದೇ ಇಳಿಸಿ ಪೆಸಿಫಿಕ್ ಸಾಗರದ ಮೇಲೆ ಕೆಡವಿತು. ಸುಮಾರು 1,000 ಕಿಲೋ ತೂಕದ, ಹಾಗೆ ಇಳಿಸುವುದಕ್ಕೆಂದು ರೂಪಿಸದೇ ಇದ್ದ ಉಪಗ್ರಹ. ಉಳಿದಿದ್ದ ಇಂಧನವನ್ನು ಕೂಡಿಸಿ ಕಳೆದು, 2022ರ ಆಗಸ್ಟಿನಿಂದ ಇಪ್ಪತ್ತು ಸಲ ಕಕ್ಷೆ ಬದಲಿಸಿ, ಹಂತಹಂತವಾಗಿ ತಗ್ಗಿಸಿದರು. ಆ ಕೆಲಸ ನಡೆದದ್ದು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ. ಅಂದು ನಮ್ಮ ಗುಂಪಿನಲ್ಲಿ ಒಂದು ಸಂದೇಶವೂ ಬರಲಿಲ್ಲ.

ರಾಕೆಟ್ ಹಾರಿಸಿದವರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಲೇಖನಗಳಿವೆ. ಆ ಇಪ್ಪತ್ತು ಪಾಳಿಗಳಲ್ಲಿ ಕೂತವರ ಬಗ್ಗೆ ಒಂದು ಕತೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬರೆಯುವ ಓದುಗರಿದ್ದರೆ ದಯವಿಟ್ಟು ಬರೆಯಿರಿ. ಬಿರುಗಾಳಿ ಬೇಡ, ಪಾಳಿ ಸಾಕು.

‘ಪ್ಲಾನೆಟೀಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಅಲೆಮಾರಿಗಳು. ಊರು ಬಿಟ್ಟು ಬಂದ ನಮಗೆ ಹೆಸರೇ ಹತ್ತಿರ. ಪೂರ್ತಿ ನೋಡಲು ಸಮಯವಿಲ್ಲದವರು ಯೂರಿಯ ಹತ್ತನೇ ಕಂತಿನವರೆಗಾದರೂ ನೋಡಿ. ನಾನು ಅದನ್ನು ನೋಡಿದ ವಾರವೇ ಈಗಿನ ಪ್ರಾಜೆಕ್ಟಿನ ಪ್ಲಾನಿಗೆ ಕೊನೆಯ ಸಾಲು ಮತ್ತೆ ಸೇರಿಸಿ ಕಳಿಸಿದೆ. ಆರು ವಾರ, ಮೂರು ಜನ. ಇನ್ನೂ ಮಂಜೂರಾಗಿಲ್ಲ. ಈ ಸಲ ನಾನಾಗಿ ತೆಗೆಯುವುದಿಲ್ಲ.