ಎಂಟೂವರೆಗೆ ಶುರುವಾಗುವ ದಿನ

ರಿಪೋರ್ಟ್ ಟೂಲುಗಳಲ್ಲಿ ಮೆಟಾಬೇಸೋ ಪವರ್ ಬಿಐಯೋ ಎಂಬ ಹೋಲಿಕೆಯನ್ನು ಈ ವಾರಕ್ಕೆಂದು ಇಟ್ಟುಕೊಂಡಿದ್ದೆ. ಅದು ಮುಂದಕ್ಕೆ ಹೋಗಲಿ. ಶಿರಾಡಿಯಲ್ಲಿ ಮಳೆ ಹಿಡಿದಿದೆ. ಮಳೆ ಹಿಡಿದರೆ ಗುಂಡ್ಯದಿಂದ ಸುಳ್ಯದವರೆಗೆ ಬೆಳಗ್ಗಿನ ಮಾತು ಒಂದೇ: "ನಿಮ್ಮಲ್ಲಿ ನಿನ್ನೆ ಎಷ್ಟು?" ಅಡಿಕೆ ತೋಟದವರಿಗೆ ಇದು ಕಾಲಹರಣದ ಪ್ರಶ್ನೆಯಲ್ಲ. ಮದ್ದು ಬಿಡಲು ಎಷ್ಟು ಹೊಳವಾದೀತು, ಕೊಳೆರೋಗ ಎಷ್ಟು ಹತ್ತಿರ ಬಂದಿದೆ ಎಂಬುದೆಲ್ಲ ಆ ಅಂಕಿಯಲ್ಲಿದೆ.

ಗುಂಡ್ಯ ಕಡೆಯ ಪರಿಚಯದ ಕೃಷಿಕರೊಬ್ಬರ ತೋಟದಲ್ಲಿ ಸ್ವಯಂಚಾಲಿತ ಮಳೆಮಾಪಕವಿದೆ. 15 ನಿಮಿಷಕ್ಕೊಮ್ಮೆ ಅದರ ಲೆಕ್ಕ ಕ್ಲೌಡ್‌ನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹೋಗುತ್ತದೆ. ಬೆಂಗಳೂರಿನಲ್ಲಿರುವ ಮಗ ಅದನ್ನು ಒಂದು ರಿಪೋರ್ಟ್ ಟೂಲಿಗೆ ಜೋಡಿಸಿಕೊಟ್ಟಿದ್ದಾರೆ. ಓದಲು ಮಾತ್ರ ಹಕ್ಕಿರುವ ಬಳಕೆದಾರ, ಎಸ್‌ಎಸ್‌ಎಲ್, ರೀಡ್ ರೆಪ್ಲಿಕಾ, ಎಲ್ಲ ಸರಿಯಾಗಿಯೇ ಇದೆ. ಆದರೂ ಆ ಕೃಷಿಕರು ಫೋನ್ ಮಾಡಿ ಕೇಳಿದರು: "ಮಾರಾಯ್ರೆ, ಮೊಬೈಲಿನಲ್ಲಿ ಒಂದು ಲೆಕ್ಕ, ಅಂಗಳದ ಮಾಪಕದಲ್ಲಿ ಇನ್ನೊಂದು. ಯಾವುದು ಹೌದು?"

ಎರಡರಲ್ಲೂ ಬಿದ್ದ ನೀರು ಒಂದೇ. ಬೇರೆಯಾದದ್ದು ದಿನ.

ನಮ್ಮ ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ. ಇವತ್ತಿನ ತಾರೀಕಿನ ಮಳೆ ಎಂದರೆ ನಿನ್ನೆ 8.30ರಿಂದ ಇವತ್ತು 8.30ರವರೆಗೆ ಬಿದ್ದದ್ದು. ಅಂಗಳದ ಮಾಪಕದ ನೀರನ್ನು ಅಳತೆ ಜಾಡಿಗೆ ಸುರಿದು ನೋಡುವ ನಮ್ಮ ಹಿರಿಯರೂ ಕಾಫಿ ಕುಡಿದು ಅದೇ ಹೊತ್ತಿಗೆ ಅಂಗಳಕ್ಕಿಳಿಯುತ್ತಾರೆ. ಕ್ಲೌಡ್ ಡೇಟಾಬೇಸ್ ಸಾಮಾನ್ಯವಾಗಿ ಕಾಲವನ್ನು ಯುಟಿಸಿಯಲ್ಲಿ ಇಡುತ್ತದೆ. ಬೇರೇನೂ ಹೇಳದೆ ರಿಪೋರ್ಟಿನಲ್ಲಿ 'ದಿನವಾರು' ಎಂದು ಆರಿಸಿದರೆ ದಿನ ತುಂಡಾಗುವುದು ಯುಟಿಸಿಯ ನಡುರಾತ್ರಿಗೆ, ಅಂದರೆ ನಮ್ಮ ಬೆಳಗ್ಗಿನ 5.30ಕ್ಕೆ.

ಆಟಿ ತಿಂಗಳ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಬೆಳಗಿನ ಜಾವ 3.30ರಿಂದ 7.30ರವರೆಗೆ ಒಂದೇ ಸಮನೆ 120 ಮಿಲ್ಲಿಮೀಟರ್ ಸುರಿಯಿತು, ಹಿಂದೆ ಮುಂದೆ ಮಳೆಯಿಲ್ಲ. ಇಲಾಖೆಯ ಲೆಕ್ಕದಲ್ಲಿ ಅದು ಒಂದೇ ದಿನದ ಮಳೆ. 115.6 ದಾಟಿದ್ದರಿಂದ 'ಅತಿ ಭಾರಿ'. ಯುಟಿಸಿ ಲೆಕ್ಕದಲ್ಲಿ ನಿನ್ನೆಗೆ 60, ಇವತ್ತಿಗೆ 60. 'ಭಾರಿ ಮಳೆ' ಎನ್ನಲು 64.5 ಆದರೂ ಬೇಕು. ಹೊಳೆ ಕೆಂಪಾಗಿ ಉಕ್ಕಿ ಹರಿದ ದಿನ ರಿಪೋರ್ಟಿನಲ್ಲಿ ಎರಡು ಸಾಧಾರಣ ದಿನಗಳಾಗಿಬಿಟ್ಟಿತು. ಗ್ರಾಫ್ ಚಂದವೇ ಇರುತ್ತದೆ, ಬಣ್ಣವೂ ಸರಿಯಿರುತ್ತದೆ. ಹೇಳುತ್ತಿರುವುದು ಮಾತ್ರ ಸುಳ್ಳು.

ಇದು ಒಂದು ತೋಟದ ಮಾತಷ್ಟೇ ಅಲ್ಲ. 1988ರಲ್ಲಿ ಬರ ನಿಗಾ ಕೋಶವಾಗಿ ಶುರುವಾದ ಸಂಸ್ಥೆಯೇ ಇವತ್ತಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಟೆಲಿಮೆಟ್ರಿಕ್ ಮಾಪಕಗಳಿವೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸಿಗೆ ಪರಿಹಾರ ನಿಲ್ಲುವುದು ಇಂಥ ಅಂಕಿಗಳ ಮೇಲೆ. ಯಾರೂ ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ದಿನ ಎಲ್ಲಿ ತುಂಡಾಗುತ್ತದೆ ಎಂಬುದು ಹಣದ ಪ್ರಶ್ನೆಯಾಗುವುದು ಇಲ್ಲಿ.

ರಾಲ್ಫ್ ಕಿಂಬಲ್ ಅವರ 'ದಿ ಡೇಟಾ ವೇರ್‌ಹೌಸ್ ಟೂಲ್‌ಕಿಟ್' ಪುಸ್ತಕವನ್ನು ನಾನು ಮತ್ತೆ ಮತ್ತೆ ತೆರೆಯುವುದು ಇದೇ ಕಾರಣಕ್ಕೆ. 1996ರ ಪುಸ್ತಕ, ಕ್ಲೌಡ್ ಎಂಬ ಮಾತೇ ಚಾಲ್ತಿಯಲ್ಲಿರಲಿಲ್ಲ. ದಿನಸಿ ಅಂಗಡಿಯ ಉದಾಹರಣೆ ಹಿಡಿದು ಅವರು ಹಾಕಿಕೊಟ್ಟ ಕ್ರಮ ಹೀಗಿದೆ: ಯಾವ ವ್ಯವಹಾರವನ್ನು ಅಳೆಯುತ್ತೀರಿ ಎಂದು ಮೊದಲು ಗೊತ್ತುಮಾಡಿ. ಆಮೇಲೆ, ಟೇಬಲ್ಲಿನ ಒಂದು ಸಾಲು ಎಂದರೆ ಏನು ಎಂದು ಸ್ಪಷ್ಟವಾಗಿ ಹೇಳಿ. ಅದನ್ನು ಹೇಳಿದ ಮೇಲಷ್ಟೇ ಯಾವ ಯಾವ ದಿಕ್ಕಿನಿಂದ ನೋಡಬೇಕು, ಏನನ್ನು ಕೂಡಿಸಬೇಕು ಎಂಬ ಮಾತು. ಮಳೆಗೆ ಇದನ್ನು ಹಚ್ಚಿ ನೋಡಿ. ಒಂದು ಸಾಲು ಎಂದರೆ ಒಂದು ಮಾಪಕದ ಒಂದು ಕಾಲುಗಂಟೆಯೇ, ಒಂದು ಮಳೆದಿನವೇ? ಅದನ್ನು ಬರೆದಿಡದೆ ಕನೆಕ್ಟರ್ ಒತ್ತಿದವರೆಲ್ಲ ಆ ತೀರ್ಮಾನವನ್ನು ಟೂಲಿಗೆ ಬಿಟ್ಟುಕೊಟ್ಟಂತೆ.

ತಾರೀಕುಗಳಿಗೇ ಒಂದು ಪ್ರತ್ಯೇಕ ಟೇಬಲ್ ಇರಲಿ ಎಂಬುದೂ ಕಿಂಬಲ್ ಅವರದೇ ಪಾಠ. ಅಂಗಡಿಯವರು ಅದರಲ್ಲಿ ಹಬ್ಬ, ರಜೆ, ಹಣಕಾಸು ವರ್ಷ ತುಂಬುತ್ತಾರೆ. ನಾವು ತುಂಬಬೇಕಾದ್ದು ಬೇರೆ: ಮಳೆದಿನ, ವಿಮೆಯ ವರ್ಷ, ಕಾರ್ತೆಲ್, ಆಟಿ, ಸೋಣದಂಥ ತುಳು ತಿಂಗಳು. ಮಳೆ ನಕ್ಷತ್ರಗಳಿಗೂ ಒಂದು ಕಾಲಂ ಕೊಡಿ. ಆರ್ದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಇವೆಲ್ಲ ಸೂರ್ಯನ ಲೆಕ್ಕದವು, ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ತಾರೀಕಿಗೆ ಬರುತ್ತವೆ. 'ಈ ಸಲ ಆರ್ದ್ರಾ ಕೈಕೊಟ್ಟಿತು' ಎಂಬ ಮಾತನ್ನು ಹತ್ತು ವರ್ಷದ ಅಂಕಿಯ ಎದುರಿಟ್ಟು ನೋಡಲು ಒಂದು ಜಾಯಿನ್ ಸಾಕು. ಇಂಗ್ಲಿಷ್ ತಿಂಗಳುಗಳ ಕಂಬಗಳಿಗಿಂತ ನಮ್ಮ ಕಡೆಯ ಮಳೆಗಾಲದ ಏರಿಳಿತ ಆ ಕಾಲಂಗಳಲ್ಲೇ ಚೆನ್ನಾಗಿ ಕಾಣುತ್ತದೆ.

ದಿನದ ಲೆಕ್ಕವನ್ನು ರಿಪೋರ್ಟಿನೊಳಗೆ ಮಾಡಬೇಡಿ, ಡೇಟಾಬೇಸಿನಲ್ಲೇ ಒಂದು ವ್ಯೂ ಮಾಡಿಡಿ. ಕಾಲವನ್ನು ಮೊದಲು ಏಷ್ಯಾ/ಕೋಲ್ಕತ್ತಕ್ಕೆ ತಿರುಗಿಸಿ, 8 ಗಂಟೆ 30 ನಿಮಿಷ 1 ಸೆಕೆಂಡ್ ಕಳೆಯಿರಿ, ಬಂದ ತಾರೀಕಿಗೆ ಒಂದು ದಿನ ಕೂಡಿಸಿ. ಆ ಒಂದು ಸೆಕೆಂಡ್ ಯಾಕೆಂದರೆ, 8.30ರ ಮೊಹರು ಹೊತ್ತ ಸಾಲಿನಲ್ಲಿರುವುದು 8.15ರಿಂದ 8.30ರವರೆಗಿನ ಮಳೆ. ಅದು ಮುಗಿದ ದಿನಕ್ಕೆ ಸೇರಬೇಕು, ಹೊಸ ದಿನಕ್ಕಲ್ಲ. ಪವರ್ ಬಿಐ ಬಳಸುವವರು ಇನ್ನೂ ಒಂದನ್ನು ನೆನಪಿಡಬೇಕು: 'ಇವತ್ತು' ಎಂಬ ಸೂತ್ರ ನಿಮ್ಮ ಲ್ಯಾಪ್‌ಟಾಪಿನಲ್ಲಿ ನಮ್ಮ ಗಡಿಯಾರ ನೋಡುತ್ತದೆ, ಪಬ್ಲಿಷ್ ಆದ ಮೇಲೆ ಯುಟಿಸಿ ನೋಡುತ್ತದೆ.

'ಎಲ್ಲವೂ ಲೈವ್ ಇರಬೇಕು' ಎನ್ನುವವರ ಜೊತೆ ನನ್ನ ಜಗಳ ಹಳೆಯದು, ಇವತ್ತೂ ಬಿಡುವುದಿಲ್ಲ. ಡೈರೆಕ್ಟ್‌ಕ್ವೆರಿ ಹಾಕಿಕೊಂಡು, ಪ್ರತಿ ಕ್ಲಿಕ್ಕಿಗೂ ಡೇಟಾಬೇಸಿನ ಬಾಗಿಲು ಬಡಿಯುತ್ತಾರೆ. ಓದಿದಷ್ಟು ಡೇಟಾಕ್ಕೆ ದುಡ್ಡು ಕೀಳುವ ಬಿಗ್‌ಕ್ವೆರಿಯಂಥ ಕಡೆ ಆ ಬಡಿತವೇ ತಿಂಗಳ ಕೊನೆಗೆ ಬಿಲ್ಲಾಗಿ ಬರುತ್ತದೆ. ಹೊಳೆ ಏರುವಾಗ ಎಚ್ಚರಿಸಲು ಲೈವ್ ಬೇಕು, ಒಪ್ಪುತ್ತೇನೆ; ಆ ಕೆಲಸಕ್ಕೆ ಅಲರ್ಟ್ ಇದೆ, ರಿಪೋರ್ಟ್ ಬೇಕಿಲ್ಲ. ದಿನಕ್ಕೊಮ್ಮೆ ಮುಗಿಯುವ ಲೆಕ್ಕಕ್ಕೆ ಬೆಳಗ್ಗೆ 9 ಗಂಟೆಯ ಒಂದು ಇಂಪೋರ್ಟ್ ಧಾರಾಳ. ಅರ್ಧಕ್ಕೆ ನಿಂತ ಇವತ್ತನ್ನು ಮುಗಿದ ನಿನ್ನೆಯ ಪಕ್ಕದಲ್ಲಿ ನಿಲ್ಲಿಸಿ 'ಮಳೆ ಇಳಿದಿದೆ' ಎನ್ನುವ ಗ್ರಾಫುಗಳು ಹುಟ್ಟುವುದು ಈ ಲೈವ್ ಚಪಲದಿಂದಲೇ.

ಗುಂಡ್ಯದಲ್ಲಿ ಲೈವ್ ಎಂಬುದು ನಿಜಕ್ಕೂ ಲೈವ್ ಆಗಿರುವುದೂ ಕಷ್ಟ. ಘಾಟಿಯ ಬುಡದಲ್ಲಿ ಸಿಗ್ನಲ್ ಬಂದರೆ ಬಂತು. ಮಾಪಕದ ಲಾಗರ್ ಅಂಕಿಯನ್ನು ತನ್ನಲ್ಲೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸುತ್ತದೆ. ಆದ್ದರಿಂದ ಅಳೆದ ಹೊತ್ತು, ಬಂದು ಸೇರಿದ ಹೊತ್ತು ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಇಡಿ, ಪ್ರತಿ ಇಂಪೋರ್ಟಿನಲ್ಲೂ ಹಿಂದಿನ ಒಂದು ವಾರವನ್ನು ಪುನಃ ಲೆಕ್ಕ ಹಾಕಿಸಿ. ಇದಕ್ಕಿಂತ ದೊಡ್ಡ ಅಪಾಯ ಸೊನ್ನೆಯದು. ಮಳೆ ಬರಲಿಲ್ಲ ಎಂಬುದೂ ಮಾಹಿತಿ ಬರಲಿಲ್ಲ ಎಂಬುದೂ ಬೇರೆ ಬೇರೆ. ಎಸ್‌ಕ್ಯೂಎಲ್‌ನ ಕೂಡಿಕೆ ಖಾಲಿ ಸಾಲುಗಳನ್ನು ಸದ್ದಿಲ್ಲದೆ ದಾಟಿ ಮುಂದೆ ಹೋಗುತ್ತದೆ. ಲುಕರ್ ಸ್ಟುಡಿಯೋದಂಥ ಟೂಲಿನಲ್ಲಿ ಅಂಕಿ ಇಲ್ಲದ ಕಡೆ ಗೆರೆಯನ್ನು ಸೊನ್ನೆಗೆ ಇಳಿಸುವ ಆಯ್ಕೆಯೂ ಇದೆ. ಮಾಪಕ ಕೆಟ್ಟ ದಿನ ಬಿಸಿಲಿನ ದಿನವಾಗುತ್ತದೆ, ಎಡೆಬಿಡದೆ ಸುರಿದ ಮಳೆಯ ಸರಣಿ ನಡುವೆ ಕಡಿದುಹೋಗುತ್ತದೆ. ಗೆರೆ ತುಂಡಾಗಿಯೇ ಕಾಣುವಂತೆ ಆ ಆಯ್ಕೆಯನ್ನು ಬದಲಿಸಿ.

ದಿನಕ್ಕೆ 96 ಕಾಲುಗಂಟೆಗಳು. ಮಿಲ್ಲಿಮೀಟರಿನ ಪಕ್ಕದಲ್ಲಿ 'ಬಂದ ಸಾಲುಗಳು' ಎಂಬ ಇನ್ನೊಂದು ಅಂಕಿ ಕಡ್ಡಾಯವಾಗಿ ಇರಲಿ. 96ಕ್ಕೆ 96 ಬಂದ ದಿನದ ಸೊನ್ನೆಯನ್ನು ನಂಬಬಹುದು. 96ರಲ್ಲಿ 40 ಬಂದ ದಿನದ ಸೊನ್ನೆಯನ್ನು ಸೊನ್ನೆ ಎಂದು ತೋರಿಸುವ ಹಕ್ಕು ಯಾವ ರಿಪೋರ್ಟಿಗೂ ಇಲ್ಲ.