ಒಬ್ಬರೇ ಉಣ್ಣುವವರ ಖಾನಾವಳಿ

ವಿಜಯಪುರದಿಂದ ಹೊಸಪೇಟೆ ಕಡೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹುನಗುಂದ, ಇಳಕಲ್ಲು ಒಂದರ ಹಿಂದೊಂದು ಬರುತ್ತವೆ. ಮಧ್ಯಾಹ್ನ ಒಂದರ ಮೇಲೆ ಇಲ್ಲಿನ ಖಾನಾವಳಿಗಳಲ್ಲಿ ಒಬ್ಬರೇ ಕೂತು ಉಣ್ಣುವವರು ಬಹಳ. ಲಾರಿ ಡ್ರೈವರು, ಗ್ರಾನೈಟ್ ನೋಡಲು ಬಂದವರು, ಸೀರೆ ಖರೀದಿಗೆ ಬಂದ ಅಂಗಡಿಯವರು, ಮನೆಮಂದಿಯನ್ನು ಊರಲ್ಲೇ ಬಿಟ್ಟು ಬಂದ ಮಾಸ್ತರರು.

ಒಂಟಿಯಾಗಿ ಉಣ್ಣಲು ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಬೇರೆಲ್ಲೂ ಕಂಡಿಲ್ಲ. ದೊಡ್ಡ ಹೋಟೆಲಿನಲ್ಲಿ ಒಂದು ಪಲ್ಯ ತರಿಸಿದರೆ ಮೂವರಿಗಾಗುವಷ್ಟು ಬರುತ್ತದೆ, ಎರಡನೆಯದರ ರುಚಿ ನೋಡುವ ಹಾಗಿಲ್ಲ. ಖಾನಾವಳಿಯ ತಾಟು ಒಬ್ಬರ ಹಸಿವಿನ ಅಳತೆಯದು. ಎಣ್ಣೆಗಾಯಿ, ಮಡಕಿಕಾಳು, ಝುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೊಸರು, ಮಗ್ಗುಲಿಗೆ ಹಸಿ ಉಳ್ಳಾಗಡ್ಡಿ, ಎಲ್ಲವೂ ಸ್ವಲ್ಪ ಸ್ವಲ್ಪ. ರೊಟ್ಟಿ ಮಾತ್ರ ಒಟ್ಟಿಗೆ ಬರುವುದಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಆರಿದರೆ ರೊಟ್ಟಿ ಬಿರುಸಾಗುತ್ತದೆ. ಹಾಗಾಗಿ ಒಂದು ಮುಗಿಯುತ್ತ ಬಂದಾಗಲೇ ಬಡಿಸುವವರು ಬಂದು, "ಬಿಸಿ ಐತ್ರಿ, ಇನ್ನೊಂದ್ ಹಾಕ್ಲೇನ್ರಿ?" ಎನ್ನಬೇಕು. ಯಾರೂ ನಿಮ್ಮನ್ನು ಮಾತಿಗೆಳೆಯುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಸಾವಜಿ ಖಾನಾವಳಿಯ ಕೆಂಪು ಮಟನ್ ಸಾರಿನ ಮುಂದೂ ಇದೇ ಉಪಚಾರ.

ತುರ್ಕಿಯಲ್ಲಿ ಓಜಾಕ್‌ಬಾಷಿ ಎಂಬ ಊಟದ ಮನೆಗಳಿವೆ. ನಡುವೆ ಇದ್ದಿಲ ಒಲೆ, ಸುತ್ತ ಗಿರಾಕಿಗಳು. ಕಬಾಬು ಸುಡುವವನ ಕೈ ನೋಡುತ್ತ ಒಂಟಿ ಅತಿಥಿಯ ಹೊತ್ತು ಸರಿಯುತ್ತದೆ. ನಮ್ಮಲ್ಲಿ ಒಲೆ ಹಿಂದಿನ ಕೋಣೆಯಲ್ಲಿ. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ, ಬಡಿಯುವ ಹೆಣ್ಣುಮಕ್ಕಳು ಕಾಣುವುದಿಲ್ಲ. ನನ್ನ ತಕರಾರು ಇಲ್ಲಿಂದ ಶುರು. ಹೆಣ್ಣಿನ ಕೈಯಿಂದಲೇ ನಡೆಯುವ ಈ ಮನೆಯ ಮುಂದಿನ ಬೆಂಚಿನ ಮೇಲೆ ಒಬ್ಬಳೇ ಹೆಣ್ಣುಮಗಳು ಕೂತು ಉಣ್ಣುವುದು ಇವತ್ತಿಗೂ ಅಪರೂಪ. ಬಂದರೆ, ಪರದೆ ಹಾಕಿದ "ಫ್ಯಾಮಿಲಿ ರೂಂ" ತೋರಿಸುತ್ತಾರೆ. ತುರ್ಕಿಯ ಎಷ್ಟೋ ಊಟದ ಮನೆಗಳಲ್ಲೂ ಕುಟುಂಬದವರಿಗೆಂದು ಇಂಥದೇ ಬೇರೆ ಕೋಣೆ ಇಡುವ ರೂಢಿಯಿದೆ. ಮರ್ಯಾದೆಗೆಂದೇ ಮಾಡಿರಬಹುದು, ಆದರೆ ಆ ಪರದೆಯ ಹಿಂದೆ ಬಿಸಿ ರೊಟ್ಟಿ ಕೇಳುವವರು ತಡವಾಗಿ ಬರುತ್ತಾರೆ. ಖಾನಾವಳಿಯ ಹೆಚ್ಚುಗಾರಿಕೆ ಯಾವುದೋ ಅದೇ ಅವಳ ಪಾಲಿಗೆ ತಪ್ಪುತ್ತದೆ. ಹುನಗುಂದ, ಇಳಕಲ್ಲು ಸೇರಿದ ಬಾಗಲಕೋಟೆ 1997ರಲ್ಲಿ ಜಿಲ್ಲೆಯಾಯಿತು. ಹಳೇ ಊರಿನ ಭಾಗಗಳು ಆಲಮಟ್ಟಿ ಹಿನ್ನೀರಿಗೆ ಹೋಗಿ ನವನಗರ ಬೆಳೆಯಿತು. ಅಲ್ಲಿಗೆ ನೌಕರಿಗೆ, ಓದಿಗೆ ಬಂದ ಹೆಣ್ಣುಮಕ್ಕಳು ಪಾರ್ಸೆಲ್ ಕಟ್ಟಿಸಿಕೊಂಡು ಕೋಣೆಗೆ ಹೋಗಿ ಆರಿದ ರೊಟ್ಟಿ ಉಣ್ಣುವುದು ನ್ಯಾಯವಲ್ಲ.

ಬೇರೆ ದಾರಿ ಇದೇ ಜಿಲ್ಲೆಯಲ್ಲಿದೆ. ಬಾದಾಮಿ ಹತ್ತಿರದ ಬನಶಂಕರಿ ಗುಡಿಯ ಅಂಗಳದಲ್ಲಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಹಿಂಡಿ, ಸಣ್ಣ ಗಡಿಗೆಯಲ್ಲಿ ಮೊಸರು ತಂದು ಮಾರುತ್ತಾರೆ. "ಊಟಾ ಮಾಡ್ ಬಾ ಯವ್ವಾ" ಎಂದು ಕರೆದು ಎದುರಿಗೇ ಕೂತು ಬಡಿಸುತ್ತಾರೆ. ಅಲ್ಲಿ ರೊಟ್ಟಿ ಬಿಸಿಯಿರುವುದಿಲ್ಲ, ಕೂರಲು ಕುರ್ಚಿಯಿಲ್ಲ, ಕೈತೊಳೆಯುವ ನೀರಿಗೂ ಹುಡುಕಬೇಕು. ಆದರೆ ಒಬ್ಬಳೇ ಬಂದವಳು ಬಯಲಲ್ಲಿ, ನಾಲ್ಕು ಮಂದಿಯ ನಡುವೆ, ಯಾರಿಗೂ ಉತ್ತರ ಕೊಡದೆ ಉಣ್ಣುತ್ತಾಳೆ.

ಅಡುಗೆಯಲ್ಲಿ ಖಾನಾವಳಿ ಮೇಲು, ಕೂರಿಸುವುದರಲ್ಲಿ ಬನಶಂಕರಿಯ ಅಂಗಳ ಮೇಲು. ಖಾನಾವಳಿ ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಒಬ್ಬಳೇ ಬಂದವಳಿಗೆ ಮುಂದಿನ ಬೆಂಚಿನಲ್ಲೇ ತಾಟು ಹಾಕಿ, ಎರಡನೇ ರೊಟ್ಟಿಗೆ ಅವಳನ್ನೂ ಕೇಳಿ.