ಕಾಗದಕ್ಕೆ ಕಾಡೋ ಕಬ್ಬೋ

‘ಮರ ಕಡಿಯದೆ ಮಾಡಿದ ಕಾಗದ’ ಎಂದು ಬರೆದುಕೊಂಡ ನೋಟ್‌ಬುಕ್ಕುಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ಅಷ್ಟಕ್ಕೇ ಮೆಚ್ಚಿಬಿಡುವುದು ಅವಸರವಾದೀತು. ದಾಂಡೇಲಿಯ ಕಾಗದವೂ ಮೊದಲಿಗೆ ಮರದ್ದಾಗಿರಲಿಲ್ಲ, ಬಿದಿರಿನದಾಗಿತ್ತು. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿ.

1950ರ ದಶಕದ ಕೊನೆಗೆ ಕೆಲಸ ಆರಂಭಿಸಿದ ಅಲ್ಲಿನ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿಗೆ ಸರ್ಕಾರ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಸುಮಾರು ಒಂದೂವರೆ ರೂಪಾಯಿಗೆ ಕೊಟ್ಟಿತು. ಬುಟ್ಟಿ ಹೆಣೆದು ಬದುಕುವ ಮೇದಾರರಿಗೆ ಆ ದರ ಇರಲಿಲ್ಲ. ಬಿದಿರು ಮೆಳೆಗಳು ಏಕೆ ಸೊರಗುತ್ತಿವೆ ಎಂದು ಹುಡುಕಿ ಹೋದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಕಣ್ಣಿಗೆ ಬಿದ್ದದ್ದು ಮುಳ್ಳು. ಊರವರು ಗಳ ಕಡಿಯುವಾಗ ಮೆಳೆಯ ಬುಡದ ಮುಳ್ಳನ್ನು ಹಾಗೇ ಬಿಡುತ್ತಿದ್ದರು. ಮಿಲ್ಲಿನ ಕಡೆಯವರು ಮೆಳೆ ಚೊಕ್ಕಟವಾಗಲೆಂದು ಅದನ್ನು ಸವರಿಹಾಕಿದರು. ಬೇಲಿ ಹೋಯಿತು, ಕಳಲೆ ದನಗಳ ಪಾಲಾಯಿತು, ಹೊಸ ಗಳ ಏಳಲಿಲ್ಲ. ನಾರು ಯಾವುದು ಎಂಬಷ್ಟೇ ಮುಖ್ಯ, ಅದನ್ನು ಯಾವ ಬೆಲೆಗೆ, ಯಾವ ಬಗೆಯಲ್ಲಿ ಕಡಿದರು ಎಂಬುದು.

ಭತ್ತದ ಹುಲ್ಲಿನದು ಬೇರೆ ತೊಡಕು. ನಾರು ಬೇಯಿಸಿ ಉಳಿದ ಕಪ್ಪು ದ್ರಾವಣವನ್ನು ಮರ ಬಳಸುವ ದೊಡ್ಡ ಮಿಲ್ಲುಗಳು ಬಾಯ್ಲರಿನಲ್ಲಿ ಉರಿಸಿ ಉಗಿಯನ್ನೂ ರಾಸಾಯನಿಕವನ್ನೂ ಮರಳಿ ಪಡೆಯುತ್ತವೆ. ಹುಲ್ಲಿನ ಸಿಲಿಕಾ ಆ ಯಂತ್ರಗಳಲ್ಲಿ ಗಟ್ಟಿಕಟ್ಟುತ್ತದೆ. ಹಾಗಾಗಿ ಉತ್ತರ ಭಾರತದ ಎಷ್ಟೋ ಸಣ್ಣ ಮಿಲ್ಲುಗಳು ದ್ರಾವಣವನ್ನು ಹೊಳೆಗೇ ಬಿಟ್ಟವು.

ಪುಂಡಿಯೋ? ನಾಲ್ಕೈದು ತಿಂಗಳಲ್ಲಿ ಆಳೆತ್ತರ ಮೀರುತ್ತದೆ, ನಿಜ. ಆದರೆ ಜೋಳ ಬೆಳೆಯುವ ಹೊಲವನ್ನೇ ಕೇಳುತ್ತದೆ, ವರ್ಷವರ್ಷವೂ ಉಳುಮೆ ಬೇಕು, ಒಮ್ಮೆಗೇ ಕಟಾವಾದದ್ದನ್ನು ವರ್ಷವಿಡೀ ಕೊಳೆಯದಂತೆ ಕಾಯಬೇಕು.

ಕಬ್ಬಿನ ಸಿಪ್ಪೆಗೆ ಬೇರೆ ಹೊಲ ಬೇಡ. ತಮಿಳುನಾಡಿನ ಕರೂರಿನ ಸರ್ಕಾರಿ ಮಿಲ್ಲು 1980ರ ದಶಕದಿಂದ ಮುಖ್ಯವಾಗಿ ಅದರಿಂದ ಕಾಗದ ಮಾಡುತ್ತಿದೆ. ಒಳಗಿನ ಬೆಂಡು ತೆಗೆಯಬೇಕು, ನೀರೂ ಹೆಚ್ಚೇ ಬೇಕು. ಸಕ್ಕರೆ ಕಾರ್ಖಾನೆಗೆ ಸಿಪ್ಪೆಯೇ ಉರುವಲು. ಅದನ್ನು ಒಯ್ದರೆ ಬದಲಿಗೆ ಕಲ್ಲಿದ್ದಲು ಉರಿಯುವುದೂ ಉಂಟು. ಇಷ್ಟೆಲ್ಲ ಕಳೆದರೂ ಈ ಪಂಕ್ತಿಯಲ್ಲಿ ಮೊದಲ ಮಣೆ ಸಿಪ್ಪೆಗೇ ಸಲ್ಲಬೇಕು.

ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ಗೆ (ಎಂ.ಪಿ.ಎಂ.) ಇದು ಗೊತ್ತಿತ್ತು. 1936ರಲ್ಲಿ ಹುಟ್ಟಿದ ಆ ಮಿಲ್ಲು ತನ್ನದೇ ಸಕ್ಕರೆ ಕಾರ್ಖಾನೆಯ ಸಿಪ್ಪೆಯನ್ನೂ ಬಳಸುತ್ತಿತ್ತು. ಜೊತೆಗೆ 1980ರಲ್ಲಿ 40 ವರ್ಷಕ್ಕೆ ಅರಣ್ಯಭೂಮಿ ಗುತ್ತಿಗೆ ಪಡೆದು ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ಬೆಳೆಸಿತು. ಗುತ್ತಿಗೆ ಮುಗಿದ 2020ರ ಹೊತ್ತಿಗೆ ಮಿಲ್ಲಿನ ಯಂತ್ರಗಳು ನಿಂತು ವರ್ಷಗಳಾಗಿದ್ದವು. ಸರ್ಕಾರ ಮಾತ್ರ ಗುತ್ತಿಗೆಯನ್ನು ಇನ್ನೂ 40 ವರ್ಷಕ್ಕೆ ವಿಸ್ತರಿಸಿತು.